ಕೊಳಬಕದ ಕುತ್ತಿಗೆ ಮುರಿದ ಹಾಗೆ ಯಾಕೆ ಕಾಣತ್ತೆ? – ಹಕ್ಕಿ ನೋಡೋರ ಪ್ರಶ್ನೆಗಳಿಗೆ ಉತ್ತರ

ಈ ಸಲ ಪ್ರಶ್ನೆ ತುಂಬಾ ಬಂದಿವೆ, ಅರ್ಧಕ್ಕಿಂತ ಹೆಚ್ಚು ವಾಟ್ಸಾಪಲ್ಲೇ. ಎಲ್ಲದಕ್ಕೂ ಜಾಗ ಸಾಲಲ್ಲ, ಹಾಗಾಗಿ ಒಂದೇ ಥರದ್ದು ಇದ್ದಾಗ ಒಂದನ್ನ ಆರಿಸ್ಕೊಂಡಿದೀನಿ. ಮೊದಲನೇದಕ್ಕೆ ಉತ್ತರ ಉದ್ದ ಆಗಿದೆ, ಬಹಳ ದಿನದಿಂದ ಮನಸ್ಸಲ್ಲೇ ಇಟ್ಕೊಂಡಿದ್ದ ವಿಷಯ ಅದು.

ಪ್ರಶ್ನೆ: ಮೇಡಂ, ನಾನೂ ನನ್ನ ಫ್ರೆಂಡೂ ಭಾನುವಾರ ಭಾನುವಾರ ಕೊಂಡಜ್ಜಿ ಕೆರೆ ಕಡೆ ಹಕ್ಕಿ ನೋಡೋಕೆ ಹೋಗ್ತೀವಿ. ಅವನು ಒಂದೊಂದನ್ನೂ ಎಣಿಸಿ, ಹಕ್ಕಿಪಟ್ಟಿ ಹಾಕೋ ವೆಬ್‌ಸೈಟ್ ಇ-ಬರ್ಡ್‌ಗೆ ಹಾಕ್ತಾನೆ. ನನಗೆ ಎಣಿಸೋದ್ರಲ್ಲಿ ಆಸಕ್ತಿ ಇಲ್ಲ, ಒಂದ್ಕಡೆ ಕೂತು ಚಿತ್ರ ಬರೀತೀನಿ. "ಡೇಟಾ ಇಲ್ದೆ ಇದ್ರೆ ಅದು ಬರೀ ಟೈಂಪಾಸು" ಅಂತಾನೆ ಅವನು. ಪಕ್ಷಿವೀಕ್ಷಣೆ ಅನ್ನೋದು ವಿಜ್ಞಾನಾನಾ, ಕಲೇನಾ?
– ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ನೀವಿಬ್ರೂ ಮಾಡ್ತಿರೋದು ಒಂದೇ ಕೆಲಸ ಸರ್, ಕೈಲಿ ಹಿಡ್ಕೊಂಡಿರೋದು ಬೇರೆ ಬೇರೆ. ಹೇಗೆ ಅಂತ ನನಗೇ ಆದ ಒಂದು ಅನುಭವ ಹೇಳ್ತೀನಿ.

ಒಂದು ಚಳಿಗಾಲದ ಬೆಳಿಗ್ಗೆ ಕೆರೆ ಏರಿ ಮೇಲೆ ಕೂತು ಕೊಳಬಕ ಬರೀತಿದ್ದೆ. ಕೊಳಬಕ ನೀವೆಲ್ಲಾ ನೋಡಿರ್ತೀರಿ, ಗದ್ದೆ ಬದುವಲ್ಲಿ, ಮೋರಿ ಪಕ್ಕ, ಕೆಸರಿನದೇ ಬಣ್ಣ, ಹೆಗಲು ಕುಗ್ಗಿಸ್ಕೊಂಡು ಚಳಿ ಆದವರ ಥರ ನಿಂತಿರತ್ತೆ, ಹತ್ರ ಹೋಗೋ ತನಕ ಅಲ್ಲೊಂದು ಹಕ್ಕಿ ಇದೆ ಅಂತಾನೇ ಗೊತ್ತಾಗಲ್ಲ, ಹಾರಿದ್ರೆ ಮಾತ್ರ ಎರಡು ಬೆಳ್ಳನೆ ರೆಕ್ಕೆ ಬಿಚ್ಕೊಂಡು ಬೇರೆ ಹಕ್ಕಿನೇ ಆಗ್ಬಿಡತ್ತೆ. ನಾನು ಅದರ ಕುತ್ತಿಗೇನ ಎಲ್ಲರೂ ಬರಿಯೋ ಹಾಗೆ ನುಣ್ಣಗೆ ಬಾಗಿಸಿ ಬರೆದೆ, ನೋಡಿದ್ರೆ ಬಾತುಕೋಳಿ ಥರ ಆಯ್ತು. ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಮೂರನೇ ಸಲಕ್ಕೆ ಪೆನ್ಸಿಲ್ ಕೆಳಗಿಟ್ಟು ಬರೀ ಕುತ್ತಿಗೇನೇ ನೋಡ್ತಾ ಕೂತೆ. ಅದು ಮೀನು ಹಿಡಿಯೋಕೆ ಮುಂಚೆ ತಲೇನ ಎಷ್ಟು ನಿಧಾನ ಮುಂದೆ ತರತ್ತೆ ಅಂದ್ರೆ ಗಡಿಯಾರದ ಮುಳ್ಳು ನೋಡಿದ ಹಾಗೆ, ಮೈ ಅಲ್ಲಾಡಲ್ಲ, ಕಾಲು ಅಲ್ಲಾಡಲ್ಲ, ಕುತ್ತಿಗೆ ಮಾತ್ರ ಉದ್ದ ಆಗ್ತಾ ಹೋಗತ್ತೆ, ಆಗ ನೋಡಿ ಅದರ ಮಧ್ಯದಲ್ಲಿ ಒಂದು ಮೂಲೆ ಕಾಣಿಸ್ತು. ನಮ್ಮ ಮೊಣಕೈ ಮಡಚಿದ ಹಾಗೆ ಒಂದು ಕೋನ. ಆ ಕೋನ ಹಾಕಿದ ತಕ್ಷಣ ಹಾಳೆ ಮೇಲೆ ಬಕ ಬಂತು.

ಮನೆಗೆ ಬಂದು ಓದಿದ ಮೇಲೆ ಗೊತ್ತಾಯ್ತು, ಬಕ ಮತ್ತು ಬೆಳ್ಳಕ್ಕಿಗಳ ಜಾತಿಯಲ್ಲಿ ಕುತ್ತಿಗೆಯ ಆರನೇ ಮೂಳೆ ಬೇರೆಯವಕ್ಕಿಂತ ಉದ್ದ, ಅಲ್ಲಿ ಕೀಲು ಬೇರೆ ಥರ ಕೂತಿದೆ, ಅದಕ್ಕೇ ಕುತ್ತಿಗೆ ಅಲ್ಲಿ ಮುರಿದ ಹಾಗೆ ಕಾಣೋದು, ಮಡಚಿಟ್ಟ ಕುತ್ತಿಗೆ ಸ್ಪ್ರಿಂಗ್ ಬಿಟ್ಟ ಹಾಗೆ ಮುಂದಕ್ಕೆ ಚಿಮ್ಮೋದೂ ಅದರಿಂದಾನೇ. ಹಾರುವಾಗಲೂ ಇವು ಕುತ್ತಿಗೆ ಮಡಚಿ ಹೆಗಲೊಳಗೆ ಇಟ್ಕೊಳ್ತವೆ. ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆ ಹಾಗಲ್ಲ, ಕುತ್ತಿಗೆ ನೀಟಾಗಿ ಮುಂದಕ್ಕೆ ಚಾಚಿ ಹಾರ್ತವೆ. ಆಕಾಶದಲ್ಲಿ ಅಷ್ಟು ದೂರ ಒಂದು ಚುಕ್ಕೆ ಥರ ಹೋಗ್ತಿದ್ರೂ ಇದು ಬಕದ ಕಡೇದು, ಇದು ಕೊಕ್ಕರೆ ಕಡೇದು ಅಂತ ಹೇಳಬಹುದು. ಈಗ ಹೇಳಿ ಸರ್, ಇದರಲ್ಲಿ ಕಲೆ ಎಲ್ಲಿ ಮುಗೀತು, ವಿಜ್ಞಾನ ಎಲ್ಲಿ ಶುರು ಆಯ್ತು? ಪ್ರಶ್ನೆ ಹುಟ್ಟಿಸಿದ್ದು ಪೆನ್ಸಿಲ್ಲು, ಉತ್ತರ ಸಿಕ್ಕಿದ್ದು ಮೂಳೆಯಲ್ಲಿ.

ಚಿತ್ರ ಡೇಟಾ ಅಲ್ಲ ಅನ್ನೋರಿಗೆ ಇನ್ನೊಂದು ಮಾತು. ಜಹಾಂಗೀರನ ಆಸ್ಥಾನದಲ್ಲಿ ಉಸ್ತಾದ್ ಮನ್ಸೂರ್ ಅಂತ ಒಬ್ಬ ಚಿತ್ರಕಾರ ಇದ್ದ, ಸುಮಾರು 400 ವರ್ಷದ ಹಿಂದೆ. ಅವನು ಸೈಬೀರಿಯಾ ಕ್ರೌಂಚ ಬರೆದಿದಾನೆ, ಡೋಡೋ ಹಕ್ಕಿಯ ಒಂದು ಚಿತ್ರಾನೂ ಅವನದೇ ಅಂತ ಹೇಳ್ತಾರೆ. ಡೋಡೋ ಭೂಮಿ ಮೇಲಿಂದಾನೇ ಹೋಯ್ತು, ಸೈಬೀರಿಯಾ ಕ್ರೌಂಚ ರಾಜಸ್ಥಾನದ ಭರತ್‌ಪುರಕ್ಕೆ ಬರೋದು 2002ರಲ್ಲಿ ನಿಂತೋಯ್ತು. ಬದುಕಿದ್ದ ಡೋಡೋ ಯಾವ ಬಣ್ಣ ಇತ್ತು ಅಂತ ಇವತ್ತು ಯಾರಾದ್ರೂ ವಿಜ್ಞಾನಿ ಯೋಚನೆ ಮಾಡಿದ್ರೆ ಆ ಚಿತ್ರಾನ ನೋಡದೆ ಮುಂದೆ ಹೋಗಲ್ಲ.

ಹಾಗಂತ ನಿಮ್ಮ ಫ್ರೆಂಡು ಮಾಡೋ ಕೆಲಸ ಸಣ್ಣದಲ್ಲ. ನಮ್ಮ ದೇಶದ ಹಕ್ಕಿಗಳ ಸ್ಥಿತಿ ಬಗ್ಗೆ 2023ರಲ್ಲಿ ಬಂದ ವರದಿ ಇದೆಯಲ್ಲ, 942 ಜಾತಿ ಹಕ್ಕಿಗಳ ಲೆಕ್ಕ, ಅದು ನಿಂತಿರೋದೇ ಸುಮಾರು 30,000 ಹವ್ಯಾಸಿಗಳು ಬರೆದಿಟ್ಟ ಪಟ್ಟಿಗಳ ಮೇಲೆ. ಅವರಲ್ಲಿ ಮೇಷ್ಟ್ರು, ಡಾಕ್ಟ್ರು, ಕಾಲೇಜು ಮಕ್ಕಳು ಎಲ್ಲಾ ಇದಾರೆ. ಕಾಗೆ ಮೂರು, ಗೊರವಂಕ ಹತ್ತು ಅಂತ ನಿಮ್ಮ ಫ್ರೆಂಡು ಹಾಕೋ ಸಾಲು ಇವತ್ತು ಬೇಜಾರು ಅನ್ನಿಸಬಹುದು, ಇಪ್ಪತ್ತು ವರ್ಷ ಆದ್ಮೇಲೆ ಆ ಕೆರೆಯಲ್ಲಿ ಏನಿತ್ತು ಅಂತ ಹೇಳೋಕೆ ಅದೊಂದೇ ಸಾಕ್ಷಿ ಆಗಬಹುದು. ಅವರಿಗೆ ನಾನು ಕೇಳ್ಕೊಳ್ಳೋದು ಇಷ್ಟೇ, ಎಣಿಸಿ ಆದ್ಮೇಲೆ ಹತ್ತು ನಿಮಿಷ ಒಂದೇ ಹಕ್ಕಿ ಎದುರು ಸುಮ್ಮನೆ ಕೂತ್ಕೊಳ್ಳಲಿ. ಪಕ್ಷಿತಜ್ಞ ಸಲೀಂ ಅಲಿ ಅವರಿಗೆ ಮೊದಲು ಹೆಸರು ಬಂದಿದ್ದು ಎಣಿಸಿದ್ದರಿಂದ ಅಲ್ಲ, 1930ರ ಸುಮಾರಿಗೆ ಕೈಯಲ್ಲಿ ಕೆಲಸ ಇಲ್ಲದೆ ಮುಂಬೈ ಹತ್ರದ ಕಿಹೀಮ್ ಅನ್ನೋ ಹಳ್ಳಿಯಲ್ಲಿ ಗೀಜಗನ ಗೂಡುಗಳ ಎದುರು ತಿಂಗಳುಗಟ್ಟಲೆ ಕೂತು ನೋಡಿದ್ದರಿಂದ. ಗಂಡು ಅರ್ಧ ಗೂಡು ಕಟ್ಟಿ ನಿಲ್ಸತ್ತೆ, ಹೆಣ್ಣು ಬಂದು ಒಳಗೆಲ್ಲಾ ನೋಡಿ ಒಪ್ಪಿದ್ರೆ ಮಾತ್ರ ಪೂರ್ತಿ ಮಾಡತ್ತೆ, ಆಮೇಲೆ ಅದೇ ಗಂಡು ಪಕ್ಕದಲ್ಲಿ ಇನ್ನೊಂದು ಶುರು ಮಾಡತ್ತೆ ಅನ್ನೋದೆಲ್ಲಾ ಅವರು ಹೀಗೆ ಕೂತೇ ಕಂಡಿದ್ದು. ಅದೇ ಸಲೀಂ ಅಲಿ ಆಮೇಲೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದರು, ರಂಗನತಿಟ್ಟನ್ನ ಪಕ್ಷಿಧಾಮ ಮಾಡಿ ಅಂತ ಮಹಾರಾಜರ ಹತ್ರ ಹೇಳಿದ್ರು, 1940ರಲ್ಲಿ ಅದು ಆಯ್ತು.

ನಿಮ್ಮ ಚಿತ್ರದ ಕೆಳಗೆ ತಾರೀಕು, ಹೊತ್ತು, ಜಾಗ, ಹಕ್ಕಿ ಏನು ಮಾಡ್ತಿತ್ತು ಅಂತ ಎರಡು ಸಾಲು ಬರೀರಿ. ನಿಮ್ಮ ಫ್ರೆಂಡಿಗೆ ಬೇಕಿರೋ ಡೇಟಾ ಅದರಲ್ಲೇ ಬಂತು.

ಪ್ರಶ್ನೆ: ನಾನು 9ನೇ ಕ್ಲಾಸು. ಹಕ್ಕಿ ಅಂದ್ರೆ ತುಂಬಾ ಇಷ್ಟ. ಬೈನಾಕ್ಯುಲರ್ ಕೊಡ್ಸಿ ಅಂದ್ರೆ ಅಪ್ಪ ದುಡ್ಡಿಲ್ಲ ಅಂತಾರೆ. ಅದಿಲ್ದೆ ಶುರು ಮಾಡೋಕಾಗತ್ತಾ ಆಂಟಿ? ಬೈನಾಕ್ಯುಲರ್ ಮೇಲೆ 8x42 ಅಂತ ಬರ್ದಿರ್ತಾರಲ್ಲ, ಹಾಗಂದ್ರೆ ಏನು?
– ವಿದ್ಯಾರ್ಥಿನಿ, ಶಿರಾ

ಉತ್ತರ: ಖಂಡಿತ ಆಗತ್ತೆ ಪುಟ್ಟಿ. ನಿನ್ನ ಊರು ಯಾವ್ದು ಅಂತ ಓದಿದ ತಕ್ಷಣ ನನಗೆ ಖುಷಿ ಆಯ್ತು, ಯಾಕಂದ್ರೆ ನಿಮ್ಮ ಪಕ್ಕದಲ್ಲೇ ಕಗ್ಗಲಡು ಇದೆ, ಊರೊಳಗಿನ ಹುಣಸೆ ಮರದ ಮೇಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟೋ ಊರದು. ಮಾರ್ಚ್ ಏಪ್ರಿಲಲ್ಲಿ ಅಪ್ಪನ ಜೊತೆ ಒಂದು ಸಲ ಹೋಗಿ ಬಾ, ಬೈನಾಕ್ಯುಲರ್ ಇಲ್ದೇನೇ ಮರಿ ಬಾಯಿಗೆ ತಾಯಿ ಮೀನು ಹಾಕೋದು ಕಾಣತ್ತೆ. ಗೂಡಿರೋ ಮರದ ಬುಡಕ್ಕೆ ಹೋಗ್ಬೇಡ, ಸದ್ದು ಮಾಡ್ಬೇಡ ಅಷ್ಟೇ.

ಅಲ್ಲಿ ತನಕ ನಿನ್ನ ಸ್ಕೂಲಲ್ಲೋ ಮನೆ ಹತ್ರಾನೋ ಒಂದು ಮರ ಆರಿಸ್ಕೋ. ಬೇವು, ಹೊಂಗೆ, ಅರಳಿ ಯಾವ್ದಾದ್ರೂ ಸರಿ. ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಹದಿನೈದು ನಿಮಿಷ. ಒಂದು ನೋಟ್‌ಬುಕ್. ಹಕ್ಕಿ ಹೆಸರು ಗೊತ್ತಿಲ್ಲ ಅಂದ್ರೂ ಪರವಾಗಿಲ್ಲ, ಮೊದಲು ಗಾತ್ರ ಬರಿ, ಗುಬ್ಬಚ್ಚಿಗಿಂತ ಚಿಕ್ಕದಾ, ಗೊರವಂಕದಷ್ಟಾ, ಕಾಗೆಗಿಂತ ದೊಡ್ಡದಾ. ಆಮೇಲೆ ಕೊಕ್ಕು ಹೇಗಿದೆ, ಬಾಲ ಮೇಲಕ್ಕೆತ್ತತ್ತಾ, ಕೊಂಬೆ ತುದೀಲಿ ಕೂರತ್ತಾ, ಎಲೆ ಒಳಗೆ ನುಸುಳತ್ತಾ. ಬಣ್ಣ ಕೊನೇಗೆ ಬರಿ, ಬಿಸಿಲಲ್ಲಿ ಒಂಥರ ನೆರಳಲ್ಲಿ ಒಂಥರ ಕಾಣೋದ್ರಿಂದ ಬಣ್ಣ ನಂಬಿ ಮೋಸ ಹೋಗೋರು ಜಾಸ್ತಿ. ಪಕ್ಕದಲ್ಲಿ ಚಿತ್ರ ಬಿಡಿಸು. ಮೊಟ್ಟೆ ಆಕಾರ ಒಂದು ಮೈಗೆ, ಸಣ್ಣ ಸೊನ್ನೆ ಒಂದು ತಲೆಗೆ, ಅಲ್ಲಿಂದ ಶುರು ಮಾಡು.

8x42 ಅಂದ್ರೆ, ಮೊದಲನೇ ನಂಬರ್ ಎಷ್ಟು ಪಟ್ಟು ಹತ್ರ ಕಾಣಿಸತ್ತೆ ಅನ್ನೋದು, ಎರಡನೇದು ಮುಂದಿನ ಗಾಜಿನ ಅಗಲ, ಮಿಲಿಮೀಟರಲ್ಲಿ. ಗಾಜು ಅಗಲ ಇದ್ದಷ್ಟೂ ಬೆಳಕು ಜಾಸ್ತಿ ಬರತ್ತೆ, ತೂಕಾನೂ ಜಾಸ್ತಿ ಆಗತ್ತೆ. 10, 12 ಪಟ್ಟು ಅಂತ ಆಸೆಪಟ್ಟು ತಗೊಂಡ್ರೆ ಕೈ ನಡುಗಿದ್ದೂ ಅಷ್ಟೇ ಪಟ್ಟು ಕಾಣತ್ತೆ, ಅದಕ್ಕೇ ಹೆಚ್ಚಿನವರು 8ಕ್ಕೇ ನಿಲ್ಲೋದು. ಮನೇಲಿ ಸ್ಮಾರ್ಟ್‌ಫೋನ್ ಇದ್ರೆ ಮರ್ಲಿನ್ ಅಂತ ಆ್ಯಪ್ ಇದೆ, ಫ್ರೀ, ಹಕ್ಕಿ ದನಿ ಕೇಳಿಸ್ಕೊಂಡು ಯಾವ್ದಿರಬಹುದು ಅಂತ ಹೇಳತ್ತೆ. ಅದು ಹೇಳಿದ್ದನ್ನೆಲ್ಲಾ ಒಪ್ಕೋಬೇಡ, ಅದು ಹೆಸರು ಹೇಳಿದ ಮೇಲೆ ಹಕ್ಕೀನ ಹುಡುಕಿ ಕಣ್ಣಾರೆ ನೋಡು, ಆಮೇಲೆ ಪುಸ್ತಕದಲ್ಲಿ ಬರಿ.

ಪ್ರಶ್ನೆ: ನಮ್ಮ ಬಾಲ್ಕನಿಯ ಮನಿಪ್ಲಾಂಟ್ ಕುಂಡದಲ್ಲಿ ಜುಟ್ಟಿರೋ ಒಂದು ಹಕ್ಕಿ ಗೂಡು ಕಟ್ಟಿ ಮೂರು ಮೊಟ್ಟೆ ಇಟ್ಟಿದೆ. ಗಿಡಕ್ಕೆ ನೀರು ಹಾಕೋದು ಹೇಗೆ? ಮುಟ್ಟಿದ್ರೆ ತಾಯಿ ಮತ್ತೆ ಬರಲ್ಲ ಅಂತ ಅತ್ತೆ ಹೇಳ್ತಾರೆ, ನಿಜಾನಾ? ಫೋಟೋ ಕಳಿಸಿದೀನಿ.
– ಗೃಹಿಣಿ, ಶಿವಮೊಗ್ಗ

ಉತ್ತರ: ಅದು ಕೆಮ್ಮೀಸೆ ಪಿಕಳಾರ, ಕೆನ್ನೆ ಮೇಲೆ ಕುಂಕುಮ ಇಟ್ಟ ಹಾಗೆ ಕೆಂಪು ಇದೆ ನೋಡಿ. ನಿಮ್ಮ ಫೋಟೋ ದೊಡ್ಡದು ಮಾಡಿ ಗೂಡು ನೋಡಿದೆ, ತೆಳ್ಳಗಿನ ಬೇರು, ತೊಗಟೆ ಸಿಬಿರು, ಜೇಡರ ಬಲೆ, ಅದರ ಜೊತೆ ನಿಮ್ಮನೇದೇ ಇರ್ಬೇಕು ಒಂದು ಟಿಶ್ಯೂ ಪೇಪರ್ ಚೂರು, ಎಲ್ಲಾ ಸೇರಿಸಿ ಸಣ್ಣ ಬಟ್ಟಲು ಮಾಡಿದೆ. ಮೊಟ್ಟೆ ಮೇಲೆ ಕೆಂಗಂದು ಚುಕ್ಕೆ ಎಷ್ಟು ಚೆನ್ನಾಗಿದೆ.

ಮನುಷ್ಯರ ವಾಸನೆ ಬಂದ್ರೆ ತಾಯಿ ಬಿಟ್ಟು ಹೋಗತ್ತೆ ಅನ್ನೋದು ನಿಜ ಅಲ್ಲ. ಆದ್ರೆ ನಿಮ್ಮತ್ತೆ ಹೇಳಿದ್ದನ್ನ ಪಾಲಿಸೋದೇ ಒಳ್ಳೇದು, ಕಾರಣ ಬೇರೆ. ನೀವು ಪದೇ ಪದೇ ಹತ್ರ ಹೋದ್ರೆ ತಾಯಿ ಎದ್ದು ಹೋಗತ್ತೆ, ಮೊಟ್ಟೆ ತಣ್ಣಗಾಗತ್ತೆ, ಅದಕ್ಕಿಂತ ಹೆಚ್ಚಾಗಿ ನೀವು ಎಲ್ಲಿ ನೋಡ್ತಿದೀರಿ ಅಂತ ಕಾಗೆ ನೋಡ್ತಿರತ್ತೆ. ಹಕ್ಕಿ ತಿನ್ನೋಕೆ ಎದ್ದು ಹೋದ ಹೊತ್ತು ನೋಡಿ ಕುಂಡದ ಅಂಚಿಗೆ ಒಂದು ಲೋಟ ನೀರು ಹಾಕಿ ಬನ್ನಿ. ಹನ್ನೆರಡು ದಿನದ ಸುಮಾರಿಗೆ ಮೊಟ್ಟೆ ಒಡೆಯತ್ತೆ, ಆಮೇಲೆ ಇನ್ನೊಂದು ಹನ್ನೆರಡು ಹದಿಮೂರು ದಿನಕ್ಕೆ ಮರಿ ಗೂಡು ಬಿಡ್ತವೆ, ಒಟ್ಟು ಒಂದು ತಿಂಗಳೂ ಇಲ್ಲ. ಮರಿ ಸರಿಯಾಗಿ ಹಾರೋಕೆ ಬರೋ ಮುಂಚೇನೇ ಗೂಡಿಂದ ಇಳೀತವೆ, ನೆಲದ ಮೇಲೆ ಕುಪ್ಪಳಿಸ್ತಿದ್ರೆ ಬಿದ್ದೋಗಿದೆ ಅಂತ ಎತ್ಕೊಂಡು ಒಳಗೆ ತರಬೇಡಿ, ಅಪ್ಪ ಅಮ್ಮ ಪಕ್ಕದಲ್ಲೇ ಹುಳ ಹಿಡ್ಕೊಂಡು ಕಾಯ್ತಿರ್ತವೆ. ಬೆಕ್ಕು ಬರೋ ಜಾಗ ಆದ್ರೆ ಮಾತ್ರ ಪಕ್ಕದ ಗಿಡದ ಮೇಲೆ ಕೂರಿಸಿ.

ಇನ್ನೊಂದು ವಿಷಯ. ಎಲ್ಲಾ ಸರಿ ನೋಡ್ಕೊಂಡ್ರೂ ಒಂದು ಬೆಳಿಗ್ಗೆ ಗೂಡು ಖಾಲಿ ಇರಬಹುದು. ಪಿಕಳಾರದ ಗೂಡುಗಳಲ್ಲಿ ಉಳಿಯೋದಕ್ಕಿಂತ ಹೋಗೋದು ಹೆಚ್ಚು. ಆಗ ನಿಮ್ಮಿಂದ ಆಯ್ತು ಅಂತ ಮನಸ್ಸಿಗೆ ಹಚ್ಕೋಬೇಡಿ, ಅವು ಮತ್ತೆ ಕಟ್ತವೆ.

ಪ್ರಶ್ನೆ: ನಾವು ಸಣ್ಣವರಿದ್ದಾಗ ಲೈಟ್ ಕಂಬದ ತಂತಿ ಮ್ಯಾಲ ಎಲ್ಲಿ ನೋಡಿದ್ರೂ ನೀಲಕಂಠ ಕೂತಿರ್ತಿದ್ವು. ಬನ್ನಿ ಮುಡ್ಯಾಕ ಹೋಗುವಾಗ ಕಂಡ್ರ ಚಲೋ ಆಗ್ತದ ಅಂತ ನಮ್ಮ ಅಜ್ಜ ಹೇಳ್ತಿದ್ರು. ಈಗ ವರ್ಷಕ್ಕ ಒಂದೆರಡು ಕಂಡ್ರ ಪುಣ್ಯ. ಖರೇನೇ ಕಡಿಮಿ ಆಗ್ಯಾವೋ, ನನ್ನ ಕಣ್ಣು ಮಂದ ಆಗ್ಯಾವೋ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ನಿಮ್ಮ ಕಣ್ಣು ಸರಿಯಾಗೇ ಇದೆ ಗುರುಗಳೇ. ಮೇಲೆ ಹೇಳಿದ 2023ರ ವರದಿಯೂ ನೀವು ಹೇಳಿದ್ದನ್ನೇ ಹೇಳತ್ತೆ, ನೀಲಕಂಠ ದೇಶದಲ್ಲೆಲ್ಲಾ ಇಳೀತಾ ಬಂದಿದೆ, ಅದರ ಅಪಾಯದ ಮಟ್ಟಾನ ಮತ್ತೊಮ್ಮೆ ಪರಿಶೀಲನೆ ಮಾಡ್ಬೇಕು ಅಂತ ಶಿಫಾರಸು ಮಾಡಿರೋ ಹಕ್ಕಿಗಳಲ್ಲಿ ಅದೂ ಒಂದು. ನಮ್ಮ ಕರ್ನಾಟಕದ ರಾಜ್ಯ ಪಕ್ಷಿ ಅದು, ಕೇಳೋಕೆ ಸಂಕಟ ಆಗತ್ತೆ. ತಂತಿ ಮೇಲೆ ಕೂತು ನೆಲದಲ್ಲಿ ಮಿಡತೆ, ಜೀರುಂಡೆ ಹುಡುಕೋ ಹಕ್ಕಿ, ಮೊಟ್ಟೆ ಇಡೋದು ಹಳೇ ಮರದ ಪೊಟರೆಯಲ್ಲಿ. ಹೊಲದ ಬದುವಿನ ಹಳೇ ಮರ ಕಡಿದು, ಬೀಳು ಬಿಟ್ಟ ಜಾಗ ಎಲ್ಲಾ ಲೇಔಟ್ ಮಾಡಿ, ಇರೋ ಹೊಲಕ್ಕೆ ಔಷಧಿ ಹೊಡೆದ್ರೆ ಅದು ಎಲ್ಲಿಗೆ ಹೋಗ್ಬೇಕು.

ನಿಮಗೊಂದು ಕೆಲಸ ಹೇಳ್ತೀನಿ. ಮುಂದಿನ ಸಲ ಕಂಡಾಗ ಅದರ ಗಂಟಲು ನೋಡಿ. ಹೆಸರು ನೀಲಕಂಠ, ಆದ್ರೆ ಕಂಠ ನೀಲಿ ಇಲ್ಲ, ಗಂಟಲು ಎದೆ ಎಲ್ಲಾ ನಸುಗಂದು, ಅದರ ಮೇಲೆ ಬೆಳ್ಳನೆ ಗೀರು. ನೀಲಿ ಇರೋದು ನೆತ್ತಿ, ರೆಕ್ಕೆ, ಬಾಲದಲ್ಲಿ. ಸುಮ್ಮನೆ ಕೂತಾಗ ಮಾಸಲು ಹಕ್ಕಿ, ಹಾರಿದಾಗ ರೆಕ್ಕೆ ಮೇಲೆ ಕಡುನೀಲಿ ತಿಳಿನೀಲಿ ಪಟ್ಟೆಗಳು. ಇನ್ನೂ ಆಶ್ಚರ್ಯ ಅಂದ್ರೆ ಆ ಗರಿಯಲ್ಲಿ ನೀಲಿ ಬಣ್ಣ ಅನ್ನೋ ವಸ್ತುನೇ ಇಲ್ಲ. ಗರಿ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಿವೆ, ಅವು ಬೆಳಕಿನಲ್ಲಿರೋ ನೀಲೀನ ಮಾತ್ರ ಆರಿಸಿ ನಮ್ಮ ಕಣ್ಣಿಗೆ ತಿರುಗಿಸ್ತವೆ. ಉದುರಿದ ನೀಲಿ ಗರಿ ಸಿಕ್ಕಿದ್ರೆ ಬೆಳಕಿಗೆ ಅಡ್ಡ ಹಿಡಿದು ನೋಡಿ, ನೀಲಿ ಮಾಯ ಆಗಿ ಕಂದು ಉಳಿಯತ್ತೆ. ನೋಡಿ ಅಲ್ಲೇ ಬಿಟ್ಬಿಡಿ, ಕಾಡುಹಕ್ಕಿ ಗರಿ ಮನೇಲಿ ಕೂಡಿಡೋದು ಬೇಡ.

ಹಬ್ಬದ ದಿನ ನೀಲಕಂಠದ ದರ್ಶನ ಒಳ್ಳೇದು ಅನ್ನೋದು ನಿಮ್ಮ ಕಡೆ ಮಾತ್ರ ಅಲ್ಲ, ತೆಲಂಗಾಣದಲ್ಲಿ ಪಾಲಪಿಟ್ಟ ಅಂತ ಕರೆದು ದಸರಾ ದಿನ ಹುಡುಕ್ಕೊಂಡು ಹೋಗ್ತಾರೆ, ಉತ್ತರ ಭಾರತದಲ್ಲೂ ಇದೆ. ನಿಮ್ಮ ಅಜ್ಜನ ಕಾಲದಲ್ಲಿ ಹೊಲದ ಕಡೆ ನಡ್ಕೊಂಡು ಹೋಗಿ ನೋಡ್ತಿದ್ರು, ಈಗ ಕೆಲವು ಕಡೆ ಬಲೆ ಹಾಕಿ ಹಿಡಿದು, ರೆಕ್ಕೆ ಕಟ್ಟಿ ಪಂಜರದಲ್ಲಿಟ್ಟು ಬಾಗಿಲಿಗೇ ತಂದು ತೋರಿಸಿ ದುಡ್ಡು ಕೇಳ್ತಾರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ದಯವಿಟ್ಟು ಯಾರೂ ದುಡ್ಡು ಕೊಡಬೇಡಿ, ಅರಣ್ಯ ಇಲಾಖೆಗೆ ಹೇಳಿ.

ಪ್ರಶ್ನೆ: ಮೊಬೈಲ್ ಟವರಿಂದ ಗುಬ್ಬಚ್ಚಿ ಸಂತತಿನೇ ನಾಶ ಆಯ್ತಂತೆ, ಹೌದಾ?
– ಓದುಗರು, ಬೆಂಗಳೂರು

ಉತ್ತರ: ಟವರ್ ಕಾರಣ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ದೇಶದ ಹಕ್ಕಿಗಳ ಸ್ಥಿತಿ ಬಗ್ಗೆ 2020ರಲ್ಲಿ ಬಂದ ವರದಿ ನೋಡಿದ್ರೆ ಒಟ್ಟಾರೆ ಗುಬ್ಬಚ್ಚಿ ಸಂಖ್ಯೆ ಹೆಚ್ಚುಕಮ್ಮಿ ಹಾಗೇ ಇದೆ, ಇಳಿದಿರೋದು ನಿಮ್ಮ ಬೆಂಗಳೂರಿನಂಥ ಮಹಾನಗರಗಳಲ್ಲಿ. ಹೆಂಚಿನ ಸಂದಿ, ಸೂರಿನ ಮೂಲೆ ಹೋಗಿ ಗಾಜಿನ ಗೋಡೆ ಬಂತು, ಕಾಳು ಆರಿಸಿ ಅಂಗಳಕ್ಕೆ ಎಸೆಯೋರಿಲ್ಲ, ಮರಿಗೆ ಹುಳ ಸಿಗೋ ಪೊದೆ ಇಲ್ಲ. ಅಕ್ಕಿ ಹಾಕೋದು ಒಳ್ಳೇದೇ, ಅದಕ್ಕಿಂತ ಮನೆ ಮುಂದೆ ಒಂದು ದಟ್ಟ ಬೇಲಿ ಗಿಡ ಬೆಳೆಸಿ, ಗುಬ್ಬಚ್ಚಿ ಮರಿ ಬೆಳೆಯೋದು ಹುಳ ತಿಂದು, ಅಕ್ಕಿ ತಿಂದು ಅಲ್ಲ.

ಪ್ರಶ್ನೆ: ನಮ್ಮ ಹಳೇ ಮನೆ ಅಟ್ಟದ ಮೇಲೆ ಗೂಬೆ ಸೇರ್ಕೊಂಡಿದೆ, ಮುಖ ಬೆಳ್ಳಗೆ ಹೃದಯದ ಆಕಾರ. ಮನೆಗೆ ಒಳ್ಳೇದಲ್ಲ ಓಡಿಸಿ ಅಂತ ಊರವರು ಹೇಳ್ತಿದಾರೆ.
– ರೈತರು, ಹಾಸನ ಜಿಲ್ಲೆ

ಉತ್ತರ: ಓಡಿಸಬೇಡಿ ಅಣ್ಣ. ಅದು ಕಣಜ ಗೂಬೆ, ಹೆಸರಲ್ಲೇ ಕಣಜ ಇದೆ. ಅದು ಇಲಿಯನ್ನ ಇಡಿಯಾಗಿ ನುಂಗಿ, ಅರಗದೆ ಉಳಿದ ಮೂಳೆ ಕೂದಲನ್ನ ಉಂಡೆ ಮಾಡಿ ಬಾಯಿಂದ ಉಗಿಯತ್ತೆ. ಅಟ್ಟದ ಕೆಳಗೆ ಕಪ್ಪು ಉಂಡೆ ಬಿದ್ದಿರ್ತವೆ ನೋಡಿ, ನೀರಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಿದ್ರೆ ಇಲಿ ತಲೆಬುರುಡೆ ಸಿಗ್ತವೆ, ಎಷ್ಟು ಅಂತ ಎಣಿಸಿ. ಆ ಲೆಕ್ಕಾನ ಊರವರಿಗೆ ತೋರಿಸಿ. ಮಕ್ಕಳಿದ್ರೆ ಅವರನ್ನೂ ಕೂರಿಸ್ಕೊಳ್ಳಿ, ಆಮೇಲೆ ಕೈ ಸೋಪಲ್ಲಿ ತೊಳೀರಿ.

ಪ್ರಶ್ನೆ: ಕಾವ್ಯದಲ್ಲಿ ಚಾತಕ ಪಕ್ಷಿ ಮಳೆ ಹನಿ ಬಿಟ್ಟು ಬೇರೆ ನೀರು ಕುಡಿಯಲ್ಲ ಅಂತ ಓದ್ತೀವಿ. ನಿಜವಾಗಲೂ ಅಂಥ ಹಕ್ಕಿ ಇದೆಯಾ?
– ಬಿ.ಎ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಇದೆ, ನಿಮ್ಮೂರ ಸುತ್ತಮುತ್ತಾನೇ ಜೂನ್ ಆಸುಪಾಸಲ್ಲಿ ಕಾಣತ್ತೆ. ಮೇಲೆ ಕಪ್ಪು, ಕೆಳಗೆ ಬಿಳಿ, ತಲೆ ಮೇಲೆ ಚೂಪು ಜುಟ್ಟು, ಕೋಗಿಲೆ ಬಳಗದ್ದು. ಮಳೆ ಹನೀನೇ ಬೇಕು ಅನ್ನೋದು ಕವಿಗಳ ಮಾತು, ಅದು ತಿನ್ನೋದು ಹುಳ, ಅದರಲ್ಲೂ ಬೇರೆ ಹಕ್ಕಿ ಮುಟ್ಟದ ಕಂಬಳಿಹುಳ. ಆದ್ರೆ ಕವಿಗಳು ಸುಳ್ಳು ಹೇಳಿದ್ರು ಅಂತ ನಾನು ಹೇಳಲ್ಲ. ಚಾತಕಕ್ಕೂ ಮಳೆಗೂ ಇರೋ ನಂಟನ್ನ ಅವರು ಸರಿಯಾಗಿ ಗಮನಿಸಿದ್ರು. ದಕ್ಷಿಣದಲ್ಲಿ ವರ್ಷಪೂರ್ತಿ ಇಲ್ಲೇ ಇರೋ ಚಾತಕಗಳಿವೆ, ಅದು ಬಿಟ್ಟು ಇನ್ನೊಂದು ಬಳಗ ಆಫ್ರಿಕಾದಿಂದ ಅರಬ್ಬೀ ಸಮುದ್ರ ದಾಟಿ ಮುಂಗಾರು ಗಾಳಿ ಹಿಡ್ಕೊಂಡು ಬಂದು ಉತ್ತರ ಮಧ್ಯ ಭಾರತಕ್ಕೆ ಹರಡ್ಕೊಳ್ಳತ್ತೆ. ಅಲ್ಲಿನ ರೈತರಿಗೆ ಚಾತಕದ ಕೂಗು ಕೇಳಿದ್ರೆ ಮಳೆ ಹತ್ರ ಬಂತು ಅಂತ ಲೆಕ್ಕ. ಮಳೆ ಬಂದ್ರೆ ಹುಳ, ಹುಳ ಬಂದ್ರೆ ಹರಟೆಮಲ್ಲ ಹಕ್ಕಿಗಳು ಗೂಡು ಕಟ್ತವೆ, ಚಾತಕ ಕದ್ದು ಮೊಟ್ಟೆ ಇಡೋದು ಆ ಗೂಡಲ್ಲೇ, ಹರಟೆಮಲ್ಲದ ಮೊಟ್ಟೆ ಹಾಗೇ ಅದರದ್ದೂ ನೀಲಿ. ಈಗ ಇದನ್ನ ತಿಳ್ಕೊಂಡು ಮತ್ತೆ ಆ ಪದ್ಯ ಓದಿ, ನನಗಂತೂ ರುಚಿ ಜಾಸ್ತಿ ಆಯ್ತೇ ಹೊರತು ಕಮ್ಮಿ ಆಗ್ಲಿಲ್ಲ.

ಪ್ರಶ್ನೆ: ನವರಂಗ ಹಕ್ಕಿ ಫೋಟೋ ಬೇಕು ಅಂತ ಎರಡು ವರ್ಷದಿಂದ ಒದ್ದಾಡ್ತಿದೀನಿ. ಮೊಬೈಲಲ್ಲಿ ಅದರ ಕೂಗು ಪ್ಲೇ ಮಾಡಿದ್ರೆ ಎದುರಿಗೇ ಬರತ್ತೆ ಅಂತ ಗೈಡ್ ಒಬ್ಬರು ಹೇಳಿದ್ರು. ಮಾಡಬಹುದಾ?
– ಫೋಟೋಗ್ರಾಫರ್, ಮಂಗಳೂರು

ಉತ್ತರ: ಬೇಡ. ಬರತ್ತೆ ಅನ್ನೋದು ನಿಜ, ಯಾಕೆ ಬರತ್ತೆ ಅಂತ ಯೋಚಿಸಿ. ನನ್ನ ಜಾಗಕ್ಕೆ ಇನ್ನೊಬ್ಬ ಬಂದ ಅಂತ ಅದು ಜಗಳಕ್ಕೆ ಬರೋದು. ನವರಂಗ ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ಕಡೆ ಬರೋ ಹಕ್ಕಿ, ರಾತ್ರಿ ಹಾರಿ ಸುಸ್ತಾಗಿ ಅಕ್ಟೋಬರಲ್ಲಿ ಮನೆ ಹಿತ್ತಲಲ್ಲಿ, ಕೆಲವು ಸಲ ಮನೆ ಒಳಗೇ ಬಿದ್ದಿರೋದು ಸಿಗತ್ತೆ. ಅಷ್ಟು ದೂರದಿಂದ ಬಂದು ಎಲೆ ಕೆದಕಿ ಹುಳ ತಿಂದು ಮೈ ತುಂಬಿಸ್ಕೊಳ್ಳೋ ಹೊತ್ತಲ್ಲಿ, ದಿನಾ ಹತ್ತು ಜನ ಬಂದು ಮೊಬೈಲಲ್ಲಿ ಕೂಗಿಸಿದ್ರೆ ಅದು ತಿನ್ನೋದು ಬಿಟ್ಟು ಇಲ್ಲದ ಶತ್ರುನ ಹುಡುಕ್ತಾ ಇರತ್ತೆ. ಗೂಡು ಚೆನ್ನಾಗಿ ಕಾಣಲಿ ಅಂತ ಅಡ್ಡ ಇದ್ದ ಕೊಂಬೆ ಕಡಿದು ಫೋಟೋ ತೆಗೆದಿದ್ದನ್ನ ನಾನು ಒಂದ್ಸಲ ಕಣ್ಣಾರೆ ನೋಡಿದೀನಿ, ಮಾರನೇ ದಿನ ಬಿಸಿಲಿಗೆ ಎರಡೂ ಮರಿ ಸತ್ತಿದ್ವು. ಅವತ್ತಿನ ಸಿಟ್ಟು ಇನ್ನೂ ಹೋಗಿಲ್ಲ.

ನವರಂಗ ತಾನಾಗೇ ಬೆಳಗಾಗೋ ಹೊತ್ತು, ಮುಸ್ಸಂಜೆ ಹೊತ್ತು ಎರಡು ಸ್ವರದ ಸಿಳ್ಳೆ ಹಾಕತ್ತೆ. ತಮಿಳಲ್ಲಿ ಅದಕ್ಕೆ ಆರು ಗಂಟೆ ಹಕ್ಕಿ ಅನ್ನೋ ಹೆಸರೇ ಇದೆ. ಸಿಳ್ಳೆ ಬಂದ ಕಡೆ ತರಗೆಲೆ ಜಾಸ್ತಿ ಇರೋ ನೆರಳು ಹುಡುಕಿ, ಅರ್ಧ ಗಂಟೆ ಅಲ್ಲಾಡದೆ ಕೂತ್ಕೊಳ್ಳಿ, ಕ್ಯಾಮೆರಾ ಮಡಿಲಲ್ಲಿ ಇರಲಿ. ಎಲೆ ಮಗುಚೋ ಚರಪರ ಸದ್ದು ಮೊದಲು ಕೇಳತ್ತೆ. ಆಮೇಲೆ ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ಬಾಲದ ಬುಡದಲ್ಲಿ ಕೆಂಪು. ಫೋಟೋ ಬಂದ್ರೆ ಒಳ್ಳೇದು, ಬರದಿದ್ರೂ ಆ ಅರ್ಧ ಗಂಟೆ ನಿಮಗೆ ಉಳಿಯತ್ತೆ.

ಪ್ರಶ್ನೆ: ಮೂವತ್ತು ವರ್ಷ ಹಕ್ಕಿ ನೋಡಿದವನು ನಾನು. ಗ್ಲಾಕೋಮಾದಿಂದ ಈಗ ದೃಷ್ಟಿ ಹೆಚ್ಚುಕಮ್ಮಿ ಹೋಗಿದೆ. ಬೈನಾಕ್ಯುಲರನ್ನ ಮೊಮ್ಮಗನಿಗೆ ಕೊಟ್ಟೆ. ಇನ್ನು ಈ ಹವ್ಯಾಸ ಮುಗೀತು ಅಂತ ಅಂದ್ಕೊಳ್ಳಬೇಕೇ?
– ನಿವೃತ್ತ ಪೋಸ್ಟ್‌ಮಾಸ್ಟರ್, ಕೊಪ್ಪ

ಉತ್ತರ: ನಿಮ್ಮ ಕಾಗದ ಎರಡು ಸಲ ಓದಿದೆ ಸರ್. ಮುಗಿದಿಲ್ಲ. ಮಲೆನಾಡಲ್ಲಿ ಹಕ್ಕಿ ನೋಡೋರು ಹತ್ತಕ್ಕೆ ಏಳು ಹಕ್ಕೀನ ಕಿವಿಯಿಂದಾನೇ ಗುರುತು ಹಿಡಿಯೋದು, ಎಲೆ ಅಷ್ಟು ದಟ್ಟ ಇರತ್ತೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ಕಣ್ಣು ಮುಂದೆ ಇತ್ತು, ಕಿವಿ ಹಿಂದೆ ಇತ್ತು. ಈಗ ಅದನ್ನ ಮುಂದೆ ತನ್ನಿ.

ಜಗಲಿಯಲ್ಲಿ ದಿನಾ ಒಂದೇ ಜಾಗದಲ್ಲಿ ಕೂತ್ಕೊಳ್ಳಿ. ಮಾರ್ಚಿಂದ ಮುಂದೆ ಬೆಳಗಿನ ಜಾವ ಮೊದಲು ಬಾಯಿ ಬಿಡೋದು ಮಡಿವಾಳ ಹಕ್ಕಿ. ಅದರ ಹಾಡು ದಿನಾ ಒಂದೇ ಥರ ಇರಲ್ಲ, ಎರಡು ಗಂಡು ಎದುರುಬದುರು ಕೂತು ಹಾಡ್ತಿದ್ರೆ ಒಂದು ಮುಗಿಸೋ ತನಕ ಇನ್ನೊಂದು ಕಾಯತ್ತಾ ಇಲ್ಲ ಮಧ್ಯ ಬಾಯಿ ಹಾಕತ್ತಾ ಕೇಳಿ. ಕೋಗಿಲೇಲಿ ಕುಹೂ ಅನ್ನೋದು ಗಂಡು, ಹೆಣ್ಣು ಕಿಕ್ ಕಿಕ್ ಕಿಕ್ ಅಂತ ಗಡಿಬಿಡಿಲಿ ಕೂಗತ್ತೆ, ಕಣ್ಣಿಲ್ಲದೇ ಎರಡನ್ನೂ ಬೇರೆ ಮಾಡಬಹುದು, ಕಣ್ಣಿದ್ದೋರು ಎಷ್ಟೋ ಜನ ಹೆಣ್ಣನ್ನ ಬೇರೆ ಯಾವುದೋ ಹಕ್ಕಿ ಅಂದ್ಕೊಳ್ತಾರೆ. ಕಂಚುಕುಟಿಗ ಟುಕ್ ಟುಕ್ ಅನ್ನುವಾಗ ತಲೆ ಆಕಡೆ ಈಕಡೆ ತಿರುಗಿಸತ್ತೆ, ಅದಕ್ಕೇ ಸದ್ದು ಒಂದ್ಸಲ ಹತ್ರ ಒಂದ್ಸಲ ದೂರ ಅನ್ಸೋದು, ಕೊಕ್ಕು ಮುಚ್ಚಿಕೊಂಡೇ ಗಂಟಲು ಉಬ್ಬಿಸಿ ಕೂಗತ್ತೆ. ಸುಮ್ಮನೆ ಎಣಿಸಿ ನೋಡಿ, ಒಂದೇ ಉಸಿರಿಗೆ ಎಷ್ಟು ಟುಕ್ ಅಂತ. ಭೀಮರಾಜ ಇದ್ರೆ ಇನ್ನೂ ಚೆನ್ನ, ಅದು ಬೇರೆಯವರ ದನಿ ಕದಿಯೋ ಹಕ್ಕಿ, ಅದರ ಬಾಯಲ್ಲಿ ನಿಮ್ಮ ಕಾಡಿನ ಯಾರ್ಯಾರು ಇದಾರೆ ಅಂತ ಪಟ್ಟಿ ಮಾಡಬಹುದು.

ಮಳೆ ಹಿಡಿದ ಮೇಲೆ, ಬೇರೆ ಹಕ್ಕಿ ಎಲ್ಲಾ ಸುಮ್ಮನಾದಾಗ, ಹಳ್ಳದ ಕಡೆಯಿಂದ ಸಿಳ್ಳಾರ ಶುರು ಮಾಡತ್ತೆ, ದಾರೀಲಿ ಹೋಗೋ ಹುಡುಗ ರಾಗ ಮರೆತು ಏನೋ ಸಿಳ್ಳೆ ಹಾಕ್ಕೊಂಡು ಹೋದ ಹಾಗೆ. ನಿಮ್ಮ ಮನೆ ಹತ್ರ ಹಳ್ಳ ಇದ್ದೇ ಇರತ್ತೆ. ಮೊಮ್ಮಗನನ್ನ ಪಕ್ಕ ಕೂರಿಸ್ಕೊಳ್ಳಿ, ನೀವು "ಅಲ್ಲಿ, ಹಲಸಿನ ಮರದ ಬಲಕ್ಕೆ" ಅನ್ನಿ, ಅವನು ಬೈನಾಕ್ಯುಲರ್ ತಿರುಗಿಸಲಿ. ಈ ಮಳೆಗಾಲದಲ್ಲಿ ಸಿಳ್ಳಾರ ಮೊದಲು ಕೇಳಿಸಿದ್ದು ಯಾವ ದಿನ, ಎಷ್ಟು ಹೊತ್ತಿಗೆ ಅಂತ ಅವನ ಕೈಲಿ ಬರೆಸಿ ನನಗೆ ಕಳಿಸಿ.